ಹಳೆ ಗಾಡಿಯ ಇಂಜಿನ್‌ಗೆ ಬಾಟಲಿ ಮದ್ದು: ಎಲ್ಲಿ ಕೆಲಸ ಮಾಡ್ತದೆ, ಎಲ್ಲಿ ದುಡ್ಡು ಹಾಳು?

ಗೂಡಲೂರು ಅಂದ್ರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಊಟಿ ದಾರಿಯಲ್ಲಿರುವ ನೀಲಗಿರಿಯ ಗೂಡಲೂರು. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕಂಬಂ ಕಣಿವೆಯ ತುದಿಯಲ್ಲಿ ಇನ್ನೊಂದು ಗೂಡಲೂರು ಇದೆ. ದ್ರಾಕ್ಷಿ ತೋಟ ಮತ್ತು ಮುಲ್ಲಪೆರಿಯಾರ್ ನೀರಿನಿಂದ ಬೆಳೆಯುವ ಗದ್ದೆಗಳ ಊರು. ಹತ್ತಿರದ ಉತ್ತಮಪಾಳಯಂ, ಕಂಬಂ ಕಡೆ ರಾವುತ್ತರ್ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇದೇ ಕಣಿವೆಯಲ್ಲಿ ಮನೆಯೊಳಗೆ ಇವತ್ತಿಗೂ ಕನ್ನಡ ಮಾತಾಡುವ ಕಾಪಿಲಿಯರ್ ಒಕ್ಕಲಿಗರೂ ಇದ್ದಾರೆ.

ಕೇರಳದ ಕೊಟ್ಟಾಯಂ ಕಡೆಯಿಂದ ಮಧುರೆ, ಏರ್ವಾಡಿಗೆ ಹೋಗುವ ಗಾಡಿಗಳು ಕುಮಳಿ ಘಾಟಿ ಇಳಿದು, ಲೋವರ್ ಕ್ಯಾಂಪ್ ದಾಟಿ ಈ ಗೂಡಲೂರಿಗೇ ಬರುತ್ತವೆ. ರಾಷ್ಟ್ರೀಯ ಹೆದ್ದಾರಿ 183. ಜಿಯಾರತ್‌ಗೆ ಹೊರಟ ಎಷ್ಟೋ ಕುಟುಂಬಗಳ ಹಳೆ ಕಾರುಗಳಿಗೆ ನಿಜವಾದ ಪರೀಕ್ಷೆ ನಡೆಯುವುದು ವಾಪಸ್ ಬರುವಾಗ ಈ ಘಾಟಿ ಹತ್ತುವಲ್ಲಿ. ಕಣಿವೆಯ ಬಿಸಿಲಿನಿಂದ ಹೊರಟು, ಮನೆ ಮಂದಿಯನ್ನೆಲ್ಲ ತುಂಬಿಕೊಂಡು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕುಮಳಿಗೆ ತಿರುವು ತಿರುವಾಗಿ ಒಂದನೇ, ಎರಡನೇ ಗೇರ್‌ನಲ್ಲೇ ಏರಬೇಕು. ಗೂಡಲೂರು, ಕಂಬಂನಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೆಲಸದವರನ್ನು ತುಂಬಿಕೊಂಡು ಹೋಗುವ ಜೀಪುಗಳಿಗಂತೂ ಇದು ನಿತ್ಯದ ಕೆಲಸ. ನಮ್ಮ ಚಾರ್ಮಾಡಿ, ಶಿರಾಡಿ ಹತ್ತುವ ಗಾಡಿಗಳಿಗೂ ಇದೇ ಲೆಕ್ಕ.

ಇಂತಹ ಪ್ರಯಾಣಕ್ಕೆ ಮುಂಚೆ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸಲಹೆ ಎಲ್ಲ ಕಡೆ ಒಂದೇ: "ಕಾಕಾ, ಇಂಜಿನ್ ಬಿಚ್ಚುವುದು ಯಾಕೆ, ಇದೊಂದು ಬಾಟ್ಲಿ ಹಾಕಿ, ಪಿಕಪ್ ಬರ್ತದೆ, ಹೊಗೆ ನಿಲ್ತದೆ." ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಸುಮಾರು ಸುಳ್ಳೂ ಇದೆ.

ಮೊದಲು ರೋಗ ಯಾವುದು ನೋಡಿ

ಹಳೆ ಇಂಜಿನ್‌ನಲ್ಲಿ ಎರಡು ಬಗೆಯ ತೊಂದರೆ ಬರುತ್ತದೆ. ಒಂದು ಕೊಳೆ, ಇನ್ನೊಂದು ಸವೆತ. ಇಂಜೆಕ್ಟರ್ ತುದಿಯಲ್ಲಿ, ವಾಲ್ವ್ ಮೇಲೆ, ಪಿಸ್ಟನ್ ತಲೆಯಲ್ಲಿ, ರಿಂಗ್‌ನ ಸಂದಿಯಲ್ಲಿ ಕಟ್ಟುವ ಕಾರ್ಬನ್ ಮತ್ತು ಎಣ್ಣೆಯ ಕೆಸರು ಕೊಳೆ. ಇದನ್ನು ರಾಸಾಯನಿಕ ಕರಗಿಸಬಹುದು. ಸಿಲಿಂಡರ್ ಗೋಡೆ, ರಿಂಗ್, ಬೇರಿಂಗ್, ವಾಲ್ವ್ ಗೈಡ್ ತೇದು ಹೋಗುವುದು ಸವೆತ. ತೇದು ಹೋದ ಲೋಹವನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಅಂಗಡಿಯವರು ಈ ಎರಡನ್ನೂ ಒಂದೇ ಲೇಬಲ್‌ನಡಿ ಮಾರುವುದರಿಂದಲೇ ಗೊಂದಲ.

ಯಾವುದೆಂದು ತಿಳಿಯಲು ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಸ್ಪಾರ್ಕ್ ಪ್ಲಗ್ ತೆಗೆದು ಗೇಜ್ ಹಾಕಿ ಸೆಲ್ಫ್ ಹೊಡೆದರೆ ಒಂದೊಂದು ಸಿಲಿಂಡರ್‌ನ ಒತ್ತಡ ಗೊತ್ತಾಗುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ ಬರುತ್ತದೆ. ಸಂಖ್ಯೆಗಿಂತ ಮುಖ್ಯ, ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇರಬಾರದು. ಒಂದರಲ್ಲಿ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಬೇಕು. ಒತ್ತಡ ಏರಿದರೆ ದೋಷ ರಿಂಗ್‌ನಲ್ಲಿ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ. ಈ ಟೆಸ್ಟ್‌ಗೆ ಬಾಟಲಿಯಷ್ಟೂ ಖರ್ಚಾಗುವುದಿಲ್ಲ, ಆದರೂ ಮಾಡಿಸುವವರು ಕಡಿಮೆ.

ಘಾಟಿಯೇ ಇನ್ನೊಂದು ಟೆಸ್ಟ್. ಕುಮಳಿಯಿಂದ ಲೋವರ್ ಕ್ಯಾಂಪ್‌ಗೆ ಗೇರ್‌ನಲ್ಲೇ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೇವೆ. ಆಗ ಪೆಟ್ರೋಲ್ ಇಂಜಿನ್‌ನೊಳಗೆ ನಿರ್ವಾತ ಹೆಚ್ಚಾಗಿ, ವಾಲ್ವ್ ಸೀಲ್ ಗಟ್ಟಿಯಾಗಿ ಸೀಳಿದ್ದರೆ ಅಲ್ಲಿಂದ ಎಣ್ಣೆ ಒಳಗೆ ಎಳೆಯಲ್ಪಡುತ್ತದೆ. ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನಿಂದ ಒಂದು ಸಲ ನೀಲಿ ಹೊಗೆ ಬುಸ್ ಅಂತ ಬಂದು ನಿಂತರೆ, ಅದು ವಾಲ್ವ್ ಸೀಲ್. ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ರಿಂಗ್. ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ಮೊದಲು ನೋಡಿ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಚಿಂತಿಸಬೇಕು.

ಪೆಟ್ರೋಲ್‌ಗೆ ಹಾಕುವ ಕ್ಲೀನರ್

ಬಾಟಲಿಗಳ ಪೈಕಿ ಹೆಚ್ಚು ನಂಬಬಹುದಾದದ್ದು ಇದೇ. ಒಳ್ಳೆಯ ಇಂಜೆಕ್ಟರ್ ಕ್ಲೀನರ್‌ಗಳಲ್ಲಿ ಪಾಲಿಈಥರ್ ಅಮೈನ್ ಎಂಬ ಡಿಟರ್ಜೆಂಟ್ ಇರುತ್ತದೆ. ಇಂಜೆಕ್ಟರ್, ವಾಲ್ವ್ ಮಾತ್ರವಲ್ಲ, ಬಿಸಿ ಜಾಸ್ತಿ ಇರುವ ದಹನ ಕೋಣೆಯ ಕಾರ್ಬನನ್ನೂ ಇದು ಸಡಿಲಿಸುತ್ತದೆ. ಡಿಟರ್ಜೆಂಟ್ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಸಾಕ್ಷ್ಯ ಇದೆ. ಅಮೆರಿಕದಲ್ಲಿ ಪೆಟ್ರೋಲ್‌ನಲ್ಲೇ ಡಿಟರ್ಜೆಂಟ್ ಇರಬೇಕೆಂದು 1990ರ ದಶಕದಲ್ಲಿ ಕಾನೂನು ಬಂತು. ಅದೂ ಸಾಲದು ಅಂತ 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೋಟಾ ಸೇರಿ ಟಾಪ್ ಟಯರ್ ಎಂಬ ಇನ್ನೂ ಬಿಗಿಯಾದ ಮಾನದಂಡ ತಂದವು. 2016ರಲ್ಲಿ ಅಲ್ಲಿನ ವಾಹನ ಚಾಲಕರ ಸಂಘ ಎಎಎ ನಡೆಸಿದ ಪರೀಕ್ಷೆಯಲ್ಲಿ, ಈ ಮಾನದಂಡಕ್ಕೆ ಸೇರದ ಪೆಟ್ರೋಲ್‌ನಿಂದ ಇಂಜಿನ್‌ನಲ್ಲಿ ಕಟ್ಟಿದ ಕೊಳೆ ಸರಾಸರಿ 19 ಪಟ್ಟು ಹೆಚ್ಚಿತ್ತು.

ಬಳಸುವ ಕ್ರಮ: ಲೇಬಲ್‌ನಲ್ಲಿ ಎಷ್ಟು ಲೀಟರ್‌ಗೆ ಎಂದು ಬರೆದಿದೆಯೋ ಅಷ್ಟೇ ಹಾಕಿ, ಆ ಟ್ಯಾಂಕ್ ಪೂರ್ತಿ ಹೆದ್ದಾರಿಯಲ್ಲಿ ಓಡಿಸಿ ಮುಗಿಸಬೇಕು. ಬಂದರ್, ಸ್ಟೇಟ್‌ಬ್ಯಾಂಕ್ ಟ್ರಾಫಿಕ್‌ನಲ್ಲಿ ತೆವಳಿಸಿ ಮುಗಿಸಿದರೆ ಪ್ರಯೋಜನ ಕಡಿಮೆ. ಪ್ರತಿ ಟ್ಯಾಂಕ್‌ಗೂ ಹಾಕುವ ಅಗತ್ಯವಿಲ್ಲ. ಸ್ವಲ್ಪ ಡಿಟರ್ಜೆಂಟ್ ಎಣ್ಣೆಗೂ ಇಳಿಯುವುದರಿಂದ ಆಯಿಲ್ ಚೇಂಜ್‌ಗೆ ಸ್ವಲ್ಪ ಮುಂಚೆ ಹಾಕುವುದು ಒಳ್ಳೆಯದು. ಪೆಟ್ರೋಲನ್ನು ನೇರ ಸಿಲಿಂಡರ್‌ಗೇ ಚಿಮ್ಮಿಸುವ ಹೊಸ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ಈ ಮದ್ದು ವಾಲ್ವ್‌ನ ಬೆನ್ನಿಗೆ ತಾಗುವುದೇ ಇಲ್ಲ. ಕಾರ್ಬುರೇಟರ್ ಇರುವ ಹಳೆ ಮಾರುತಿ 800, ಓಮ್ನಿಗೆ ಟ್ಯಾಂಕ್ ಕ್ಲೀನರ್‌ಗಿಂತ ಕಾರ್ಬುರೇಟರ್ ಬಿಚ್ಚಿ ಸ್ಪ್ರೇ ಹೊಡೆದು ಜೆಟ್ ತೊಳೆಯುವುದೇ ಸರಿ.

ಇಲ್ಲಿ ಇ20 ವಿಷಯವೂ ಬರುತ್ತದೆ. 2025ರಿಂದ ದೇಶದ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇದೆ. ಇ0ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ 6ರಿಂದ 7 ಶೇಕಡಾ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥನಾಲ್ ಹಳೆ ಟ್ಯಾಂಕ್‌ನ ತಳದ ಗಸಿಯನ್ನು ಎಬ್ಬಿಸುತ್ತದೆ, ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. "ಇಂಜಿನ್ ಎಳೆಯುದಿಲ್ಲ" ಎಂದು ಬಂದ ಎಷ್ಟೋ ಗಾಡಿಗಳಿಗೆ ಬೇಕಾದದ್ದು ಹೊಸ ಫ್ಯುಯೆಲ್ ಫಿಲ್ಟರ್ ಅಷ್ಟೇ. ಎಥನಾಲ್‌ನ ದೋಷವನ್ನೆಲ್ಲ ನೀಗಿಸುತ್ತೇವೆ ಎನ್ನುವ ಬಾಟಲಿಗೆ ದುಡ್ಡು ಹಾಕುವ ಮುಂಚೆ ಪೈಪ್, ಫಿಲ್ಟರ್ ಬದಲಾಯಿಸಿ.

ಇಂಜಿನ್ ಫ್ಲಶ್: ಜಾಗ್ರತೆ ಬೇಕು

ಎಣ್ಣೆ ಬದಲಿಸುವ ಮುಂಚೆ ಹಳೆ ಎಣ್ಣೆಗೆ ಫ್ಲಶ್ ಹಾಕಿ, 10-15 ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಬಿಸಿಯಿರುವಾಗಲೇ ಇಳಿಸಿ, ಹೊಸ ಫಿಲ್ಟರ್ ಮತ್ತು ಎಣ್ಣೆ ಹಾಕುವುದು ಕ್ರಮ. ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದು, ರೇಸ್ ಕೊಡಬಾರದು. ಎಣ್ಣೆ ತೆಳುವಾಗಿರುವಾಗ ಬೇರಿಂಗ್‌ಗೆ ರಕ್ಷಣೆ ಕಡಿಮೆ. ಮಾರುತಿ 800ರಂಥ ಸಣ್ಣ ಇಂಜಿನ್‌ಗೆ ಸುಮಾರು 3 ಲೀಟರ್ ಎಣ್ಣೆ ಸಾಕಾಗುವುದರಿಂದ, 5 ಲೀಟರ್‌ಗೆ ಅಂತ ಮಾಡಿದ ಬಾಟಲಿಯನ್ನು ಪೂರ್ತಿ ಸುರಿಯುವುದು ತಪ್ಪು.

ಸರಿಯಾಗಿ ಎಣ್ಣೆ ಬದಲಿಸುತ್ತಾ ಬಂದ ಗಾಡಿಗೆ ಫ್ಲಶ್‌ನ ಅಗತ್ಯವೇ ಇಲ್ಲ. ಅಪಾಯ ಇರುವುದು ವರ್ಷಗಟ್ಟಲೆ ಎಣ್ಣೆ ಬದಲಿಸದ ಇಂಜಿನ್‌ನಲ್ಲಿ. ಎಣ್ಣೆ ಹಾಕುವ ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಡಾಮರಿನಂತೆ ಕಪ್ಪು ಕೆಸರು ಕಾಣುತ್ತದೆ. ಅಂಥದ್ದಕ್ಕೆ ಒಮ್ಮೆಲೇ ಗಡುಸಾದ ಫ್ಲಶ್ ಹಾಕಿದರೆ ಕೆಸರು ತುಂಡು ತುಂಡಾಗಿ ಕಳಚಿ, ಎಣ್ಣೆ ಹೀರುವ ಜಾಲರಿಗೆ ಅಡ್ಡ ಕೂರುತ್ತದೆ. ಮಾರನೇ ದಿನ ಆಯಿಲ್ ಲೈಟ್ ಹೊತ್ತಿಕೊಂಡು ಬೇರಿಂಗ್ ಹೋಗ್ತದೆ. ಇಂಥ ಗಾಡಿಗೆ ಎರಡೇ ದಾರಿ: ಆಯಿಲ್ ಸಂಪ್ ಇಳಿಸಿ ಜಾಲರಿ ಸಮೇತ ಕೈಯಿಂದ ತೊಳೆಯುವುದು, ಅಥವಾ ಒಳ್ಳೆಯ ಎಣ್ಣೆ ಹಾಕಿ 1,000-1,500 ಕಿಲೋಮೀಟರ್‌ಗೊಮ್ಮೆ ಎರಡು ಮೂರು ಸಲ ಬದಲಿಸುತ್ತಾ ನಿಧಾನವಾಗಿ ಶುಚಿ ಮಾಡುವುದು.

ಸೀಮೆಎಣ್ಣೆ, ಡೀಸೆಲ್ ಹಾಕಿ ಇಂಜಿನ್ ತೊಳೆಯುವ ಹಳೆಯ ಪದ್ಧತಿ ಇನ್ನೂ ಕೆಲವು ಗ್ಯಾರೇಜ್‌ಗಳಲ್ಲಿ ಇದೆ. ಸೀಮೆಎಣ್ಣೆಗೆ ಜಾರುಗುಣ ಇಲ್ಲ. ಸ್ವಲ್ಪ ಒಳಗೆ ಉಳಿದರೂ ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಬಿಚ್ಚಿಟ್ಟ ಬಿಡಿಭಾಗ ತೊಳೆಯಲು ಅದು ಸರಿ, ಓಡುವ ಇಂಜಿನ್‌ಗೆ ಬೇಡ.

ರಿಂಗ್ ತೇದಿಲ್ಲ, ಕಾರ್ಬನ್‌ನಿಂದ ಅಂಟಿಕೊಂಡಿದೆ ಎಂದು ಅನುಮಾನ ಇದ್ದರೆ ಪಿಸ್ಟನ್ ನೆನೆಹಾಕುವ ಒಂದು ಉಪಾಯ ಇದೆ. ಪ್ಲಗ್ ತೂತಿನಿಂದ ಕ್ಲೀನರ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದು ಉಳಿದ ದ್ರವ ಹೊರಹಾಕಿ, ಎಣ್ಣೆ ಬದಲಿಸಬೇಕು. ದ್ರವ ಒಳಗಿರುವಾಗ ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೆಲವು ಗಾಡಿಗಳಲ್ಲಿ ಇದರಿಂದ ಎಣ್ಣೆ ಕುಡಿಯುವುದು ನಿಜಕ್ಕೂ ಕಡಿಮೆಯಾಗುತ್ತದೆ. ಸಾವಿರ ಕಿಲೋಮೀಟರ್‌ಗೆ ಒಂದು ಲೀಟರ್‌ಗಿಂತ ಹೆಚ್ಚು ಎಣ್ಣೆ ಬೇಕಾಗುತ್ತಿದ್ದು, ಇದಕ್ಕೂ ಬಗ್ಗದಿದ್ದರೆ ಬೋರ್ ಕೆಲಸವೇ ಗತಿ.

ಎಣ್ಣೆಗೆ ಬೆರೆಸುವ 'ಟಾನಿಕ್'

ಇದರ ಜಾಹೀರಾತು ದೊಡ್ಡದು, ಆಧಾರ ಚಿಕ್ಕದು. ಸ್ಲಿಕ್ 50 ಎಂಬ ಹೆಸರಾಂತ ಟಾನಿಕ್ ಇಂಜಿನ್ ಸವೆತವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಹೇಳಿಕೊಂಡದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಅದರ ಕಂಪೆನಿಯ ಮೇಲೆ ಆರೋಪ ಹೊರಿಸಿತು. 1997ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು, ಆಧಾರವಿಲ್ಲದೆ ಅಂಥ ಮಾತು ಹೇಳುವಂತಿಲ್ಲ ಎಂದಾಯಿತು. ಎಪಿಐ ಗುರುತಿನ ಒಳ್ಳೆಯ ಎಣ್ಣೆಯಲ್ಲಿ ಡಿಟರ್ಜೆಂಟ್, ಸವೆತ ತಡೆಯುವ ಸತು-ರಂಜಕದ ಸಂಯುಕ್ತ ಮೊದಲೇ ಅಳತೆ ಮಾಡಿ ಹಾಕಿರುತ್ತಾರೆ. ಮೇಲಿಂದ ಇನ್ನಷ್ಟು ಸುರಿದರೆ ಆ ಅಳತೆ ತಪ್ಪುತ್ತದೆ. ಎಣ್ಣೆ ಸುಡುವ ಗಾಡಿಯಲ್ಲಿ ರಂಜಕ ಹೊಗೆಯ ಜೊತೆ ಹೋಗಿ ಕೆಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ.

ಇನ್ನೊಂದು ಬಗೆ ಜೇನಿನಂತೆ ದಪ್ಪಗಿರುವ ಹೊಗೆ ನಿಲ್ಲಿಸುವ ದ್ರವ. ಅದು ಏನನ್ನೂ ರಿಪೇರಿ ಮಾಡುವುದಿಲ್ಲ, ಎಣ್ಣೆಯನ್ನು ದಪ್ಪ ಮಾಡಿ ಕೆಲವು ದಿನ ಹೊಗೆ ಮತ್ತು ಸದ್ದನ್ನು ಅಡಗಿಸುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರದಲ್ಲಿ ಇದರ ದುರ್ಬಳಕೆ ಜಾಸ್ತಿ. ಗಲ್ಫ್‌ನಿಂದ ರಜೆಗೆ ಬಂದವರು ಅವಸರದಲ್ಲಿ ಒಂದು ಗಾಡಿ ತೆಗೆದು, ಅವರು ವಾಪಸ್ ಹೋದ ಮೇಲೆ ಮನೆಯವರು ಹೊಗೆಯ ನಡುವೆ ಗ್ಯಾರೇಜ್ ಸುತ್ತುವುದು ಹೊಸತಲ್ಲ. ಮಾಲಿನ ಐಬು ಗೊತ್ತಿದ್ದೂ ಮುಚ್ಚಿಟ್ಟು ಮಾರುವುದು ಹಲಾಲ್ ವ್ಯಾಪಾರವಲ್ಲ ಎಂಬುದು ಮಾರುವವರಿಗೂ ಗೊತ್ತಿರುತ್ತದೆ. ತೆಗೆದುಕೊಳ್ಳುವವರು ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಡಿಪ್‌ಸ್ಟಿಕ್‌ನಿಂದ ಎಣ್ಣೆ ನೂಲಿನಂತೆ ಎಳೆ ಬಿಟ್ಟರೆ ಅನುಮಾನಪಡಿ. ಇಂಜಿನ್ ಓಡುತ್ತಿರುವಾಗ ಎಣ್ಣೆ ಮುಚ್ಚಳ ತೆಗೆದರೆ ಹೊಗೆ ದಬದಬ ಒದ್ದು ಬಂದರೆ ರಿಂಗ್ ಹೋಗಿದೆ ಎಂದೇ ಲೆಕ್ಕ.

ರೇಡಿಯೇಟರ್ ಮತ್ತು ಘಾಟಿ

ಘಾಟಿಯಲ್ಲಿ ಇಂಜಿನ್ ಕೊಲ್ಲುವುದು ಹೆಚ್ಚಾಗಿ ಕಾರ್ಬನ್ ಅಲ್ಲ, ಶಾಖ. ಹಾಗೆ ನೋಡಿದರೆ ಉದ್ದದ ಏರು ಕಾರ್ಬನ್ ಸುಡಲು ಒಳ್ಳೆಯದೇ. ಆದರೆ ಬಾವಿ ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿದ ರೇಡಿಯೇಟರ್ ಆ ಬಿಸಿ ತಡೆಯುವುದಿಲ್ಲ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಾಗಿದರೆ ಬಾಟಲಿಯ ಮಾತೇ ಇಲ್ಲ. ಸೋರಿಕೆ ನಿಲ್ಲಿಸುವ ಪುಡಿ ಅಥವಾ ದ್ರವ ತೂತನ್ನು ಮುಚ್ಚುವಂತೆಯೇ ರೇಡಿಯೇಟರ್‌ನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ದಾರಿ ಮಧ್ಯೆ ಗ್ಯಾರೇಜ್ ತಲುಪಲು ಹಾಕಬಹುದು, ಮಲೆ ಹತ್ತಲು ಅದನ್ನು ನಂಬಬಾರದು. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಸರಿಯಾದ ಒತ್ತಡದ ಕ್ಯಾಪ್, ತಿರುಗುವ ಫ್ಯಾನ್, ಇಷ್ಟು ಇದ್ದರೆ ಹಳೆ ಕಾರೂ ಹತ್ತುತ್ತದೆ.

ಎಣ್ಣೆಯ ಮಟ್ಟವೂ ಮುಖ್ಯ. ಡಿಪ್‌ಸ್ಟಿಕ್‌ನ ಕೆಳಗಿನ ಗೆರೆಯಲ್ಲಿರುವ ಗಾಡಿ ಸಮತಟ್ಟಿನಲ್ಲಿ ಓಡಿಬಿಡುತ್ತದೆ. ಕಡಿದಾದ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯಬಹುದು.

ಡೀಸೆಲ್ ಜೀಪುಗಳ ಬಗ್ಗೆ ಒಂದು ಮಾತು. 2020ರ ಎಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಗಂಧಕ ತೆಗೆಯುವಾಗ ಜಾರುಗುಣವೂ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸುವ ಮಿಶ್ರಣವನ್ನು ತೈಲ ಕಂಪೆನಿಗಳೇ ಬೆರೆಸುತ್ತವೆ. ಹಾಗಾಗಿ ಹಳೆ ಪಂಪ್‌ಗೆಂದು ಟು-ಸ್ಟ್ರೋಕ್ ಎಣ್ಣೆ ಬೆರೆಸುವ ಅಭ್ಯಾಸ ಅನಗತ್ಯ. ಕಪ್ಪು ಹೊಗೆ ಬಂದರೆ ನಾಝಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ.

15 ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇಕು. ಅದರ ಶುಲ್ಕ 2022ರ ಎಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿತು. ಫಿಟ್‌ನೆಸ್ ಟೆಸ್ಟ್‌ಗೆ ನಾಲ್ಕು ದಿನ ಇರುವಾಗ ಬಾಟಲಿ ಹುಡುಕುವವರು ಹೆಚ್ಚು. ಎರಡು ತಿಂಗಳು ಮುಂಚೆ ಕಂಪ್ರೆಷನ್ ನೋಡಿಸಿ, ಎಣ್ಣೆ, ಏರ್ ಫಿಲ್ಟರ್, ಪ್ಲಗ್ ಬದಲಿಸಿ, ಒಂದು ಟ್ಯಾಂಕ್ ಇಂಜೆಕ್ಟರ್ ಕ್ಲೀನರ್ ಓಡಿಸಿದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಂಭವ ಕಡಿಮೆ. ಎಣ್ಣೆ ಟಾಪ್‌ಅಪ್ ಮಾಡಿದಾಗಲೆಲ್ಲ ಕಿಲೋಮೀಟರ್ ಬರೆದಿಟ್ಟ ಒಂದು ಸಣ್ಣ ಪುಸ್ತಕ ಡ್ಯಾಶ್‌ಬೋರ್ಡ್‌ನಲ್ಲಿದ್ದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.