ಎದೆಯ ದನಿಯನ್ನು ಕೇಳಿದವರು

ಚಿಕಿತ್ಸೆಗೆ ಮೊದಲು ರೋಗವಾವುದೆಂದು ತಿಳಿಯಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಬದುಕಿರುವ ಮನುಷ್ಯನ ಎದೆಗೂಡಿನೊಳಗೆ ಏನು ನಡೆದಿದೆಯೆಂಬುದನ್ನು ಹೊರಗೆ ಕುಳಿತ ವೈದ್ಯನು ಅರಿಯುವುದು ಹೇಗೆ? ನಮ್ಮ ಆಯುರ್ವೇದವು ದರ್ಶನ, ಸ್ಪರ್ಶನ, ಪ್ರಶ್ನವೆಂಬ ಮೂರು ದಾರಿಗಳನ್ನು ಹೇಳಿತು. ಹದಿನೆಂಟನೆಯ ಶತಮಾನದ ಯೂರೋಪಿನ ವೈದ್ಯರೂ ಬಹುಮಟ್ಟಿಗೆ ರೋಗಿಯ ಮಾತನ್ನು ಕೇಳಿ, ನಾಡಿಯನ್ನು ಹಿಡಿದು, ಮೂತ್ರವನ್ನು ನೋಡಿ ನಿರ್ಣಯಿಸುತ್ತಿದ್ದರು. ಎದೆಯೊಳಗಿನ ನಿಜವು ತಿಳಿಯುತ್ತಿದ್ದುದು ಶವವನ್ನು ಕೊಯ್ದ ಮೇಲೆ. ಆಗ ತಿಳಿದು ಆ ರೋಗಿಗೆ ಬಂದ ಭಾಗ್ಯವೇನು?

ಈ ಕತ್ತಲೆಗೆ ಮೊದಲು ಕಿಂಡಿಯನ್ನು ತೆರೆದವನು ಲಿಯೊಪೋಲ್ಡ್ ಔಯೆನ್‌ಬ್ರುಗರ್. ಈತನು 1722ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಪ್ರಯಾಣಿಕರ ತಂಗುಮನೆಯೊಂದನ್ನು ನಡೆಸುತ್ತಿದ್ದನು. ಅಲ್ಲಿ ಮದ್ಯದ ಪೀಪಾಯಿಗಳನ್ನು ತಟ್ಟಿ, ಎಲ್ಲಿಯವರೆಗೆ ತುಂಬಿದೆಯೆಂದು ಸದ್ದಿನಿಂದ ತಿಳಿಯುತ್ತಿದ್ದುದೇ ಮಗನಿಗೆ ದಾರಿ ತೋರಿತೆಂದು ಹೇಳುವ ವಾಡಿಕೆಯುಂಟು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಡಿದು ನೋಡಿ ಕೊಳ್ಳುವ ನಮಗೆ ಈ ಯುಕ್ತಿಯು ಹೊಸದಲ್ಲ. ವಿಯೆನ್ನದ ಸ್ಪ್ಯಾನಿಷ್ ಆಸ್ಪತ್ರೆಯಲ್ಲಿ ಆತನು ರೋಗಿಗಳ ಎದೆಯನ್ನು ತಟ್ಟಿ ಕೇಳಿದನು. ಗಾಳಿಯಿದ್ದೆಡೆಯಲ್ಲಿ ಸದ್ದು ಮೊಳಗುವುದು. ನೀರು ತುಂಬಿದೆಡೆಯಲ್ಲಿ ಮಂದವಾಗುವುದು. ಸತ್ತವರ ದೇಹವನ್ನು ಪರೀಕ್ಷಿಸಿ ತಾನು ಕೇಳಿದುದು ಸರಿಯೇ ಎಂದು ಒರೆಹಚ್ಚಿದನು. 1761ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಗ್ರಂಥವೊಂದನ್ನು ಪ್ರಕಟಿಸಿದನು.

ಲೋಕವು ಅದನ್ನು ಬಹುಮಟ್ಟಿಗೆ ಮರೆಯಿತು. ಸುಮಾರು ಅರ್ಧ ಶತಮಾನ ಕಳೆದ ಮೇಲೆ, 1808ರಲ್ಲಿ, ನೆಪೋಲಿಯನ್ನನ ವೈದ್ಯನಾದ ಕಾರ್ವಿಸಾರನು ಅದನ್ನು ಫ್ರೆಂಚ್ ಭಾಷೆಗೆ ತಂದನು. ತನ್ನ ಹೆಸರಿನಲ್ಲಿಯೇ ಈ ವಿಧಾನವನ್ನು ಸಾರಬಹುದಾಗಿದ್ದರೂ, ಕೀರ್ತಿಯನ್ನು ಮೂಲಪುರುಷನಿಗೇ ಒಪ್ಪಿಸಿದನು. ಮರುವರ್ಷವೇ ಔಯೆನ್‌ಬ್ರುಗರನು ತೀರಿಕೊಂಡನು.

ಕಾರ್ವಿಸಾರನ ಶಿಷ್ಯನೇ ರೆನೆ ಲೇನೆಕ್. 1816ರಲ್ಲಿ ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳು ಪ್ಯಾರಿಸ್ಸಿನಲ್ಲಿ ಆತನ ಬಳಿಗೆ ಬಂದಳು. ಮೈ ತುಂಬಿಕೊಂಡಿದ್ದುದರಿಂದ ತಟ್ಟಿ ನೋಡಿ ಫಲವಿರಲಿಲ್ಲ. ಎದೆಗೆ ಕಿವಿಯಿಟ್ಟು ಕೇಳಲು ಮರ್ಯಾದೆಯು ಅಡ್ಡಬಂದಿತು. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಯಲ್ಲಿ ಸ್ಪಷ್ಟವಾಗಿ ಕೇಳಿಸುವುದೆಂಬುದು ಆತನ ನೆನಪಿಗೆ ಬಂದಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟನು. ಹೃದಯದ ಬಡಿತವು ಬರಿಗಿವಿಗಿಂತಲೂ ನಿಚ್ಚಳವಾಗಿ ಕೇಳಿಸಿತು. ಆ ಸುರುಳಿಯು ಬಳಿಕ ಸುಮಾರು ಒಂದು ಅಡಿ ಉದ್ದದ ಮರದ ಕೊಳವೆಯಾಯಿತು. ಅದೇ ಸ್ಟೆತಸ್ಕೋಪು.

ಕೊಳವೆಯೇ ದೊಡ್ಡ ಸಂಗತಿಯೆಂದು ನಾವು ಭಾವಿಸಬಾರದು. ಸದ್ದು ಯಾರಿಗೂ ಕೇಳಿಸೀತು. ಅದರ ಅರ್ಥವನ್ನು ಹೇಳುವವರಾರು? ಮೂರು ವರ್ಷಗಳ ಕಾಲ ನೆಕೆರ್ ಆಸ್ಪತ್ರೆಯಲ್ಲಿ ಲೇನೆಕನು ರೋಗಿಗಳ ಎದೆಗೆ ಕಿವಿಗೊಟ್ಟನು; ಸತ್ತವರಲ್ಲಿ ಶ್ವಾಸಕೋಶವನ್ನು ತೆರೆದು ಸದ್ದನ್ನೂ ವ್ರಣವನ್ನೂ ಹೋಲಿಸಿದನು. 1819ರಲ್ಲಿ ಹೊರಬಂದ ಆತನ ಗ್ರಂಥವು ಕ್ಷಯ, ನ್ಯುಮೋನಿಯ ಮೊದಲಾದವುಗಳ ಸದ್ದುಗಳನ್ನು ಬೇರೆಬೇರೆಯಾಗಿ ವಿವರಿಸಿತು.

ಆದರೆ ಅರಿವಿನೊಡನೆ ಮದ್ದು ಬರಲಿಲ್ಲ. ಲೇನೆಕನಿಗೂ ಕ್ಷಯವು ತಗಲಿತು. ಬಂಧುವಾದ ಮೆರಿಯಾದೆಕನು ಅದೇ ಕೊಳವೆಯಿಂದ ಆತನ ಎದೆಯನ್ನು ಪರೀಕ್ಷಿಸಿ ರೋಗವನ್ನು ಗುರುತಿಸಿದನೆಂದು ಹೇಳುವರು. 1826ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಲೇನೆಕನು ಮಡಿದನು. ಕ್ಷಯದ ಕ್ರಿಮಿಯು ಪತ್ತೆಯಾದುದು 1882ರಲ್ಲಿ. ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ.

ಹಾಗಾದರೆ ಆ ಅರಿವು ವ್ಯರ್ಥವೇ? ಅಲ್ಲವೆಂದೇ ನಾವು ಹೇಳುವೆವು. ಹೆಸರಿಲ್ಲದ ರೋಗವನ್ನು ಗೆಲ್ಲುವುದು ಸಾಧ್ಯವಿಲ್ಲ. ಇಂದು ವೈದ್ಯನು ನಮ್ಮ ಬೆನ್ನಿಗೆ ತಣ್ಣನೆಯ ಬಿಲ್ಲೆಯನ್ನು ಒತ್ತಿ ಉಸಿರೆಳೆದುಕೊಳ್ಳಲು ಹೇಳುವಾಗ, ಆತನು ಕೇಳುವ ಒಂದೊಂದು ಸದ್ದಿನ ಅರ್ಥವನ್ನೂ ಆ ಆಸ್ಪತ್ರೆಗಳ ಬಡ ರೋಗಿಗಳು ತಮ್ಮ ದೇಹದಿಂದ ಕಲಿಸಿಕೊಟ್ಟಿರುವರು. ಲೇನೆಕನ ಹೆಸರು ಉಳಿಯಿತು, ಅವರದು ಉಳಿಯಲಿಲ್ಲ. ಋಣವು ಮಾತ್ರ ಇಬ್ಬರಿಗೂ ಸಲ್ಲಬೇಕಾದುದು.