ವೆಂಟಿಲೇಟರ್ ಎಲ್ಲಿ ಹೋಯ್ತು?

ಬಸವನಗುಡಿಯಲ್ಲೋ ಜಯನಗರದಲ್ಲೋ ಒಂದು ಹಳೇ ಮನೆ ಕಂಡರೆ ಕಿಟಕಿಯ ಮೇಲ್ಗಡೆ, ಸೂರಿನ ಹತ್ತಿರ ಕಣ್ಣು ಹಾಯಿಸಿ. ಅಲ್ಲೊಂದು ಪುಟ್ಟ ಕಿಂಡಿ ಇರುತ್ತೆ. ಅದೇ ವೆಂಟಿಲೇಟರ್. ಜೆ.ಪಿ. ನಗರ, ಬಿಟಿಎಂ ಕಡೆ ಏಳ್ತಿರೋ ಹೊಸ ಫ್ಲಾಟುಗಳಲ್ಲಿ ಅದನ್ನ ಹುಡುಕಿ ನೋಡಿ. ಬಾತ್‌ರೂಮ್ ಬಿಟ್ಟರೆ ಬೇರೆ ಕಡೆ ಸಿಗೋದು ಕಷ್ಟ.

ಈ ಕಿಂಡಿಯ ಹಿಂದೆ ಒಂದು ಭಯದ ಕಥೆ ಇದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಗಾಳಿ ಬೆಳಕಿಲ್ಲದ ಮನೆಯೇ ರೋಗದ ಮೂಲ ಅಂತ ಆಗ ಬಹಳ ಜನ ನಂಬಿದ್ದರು. ಪ್ಲೇಗ್ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಅದೇ ವರ್ಷ ಹೇಳಿದರೂ, ಅದನ್ನು ಜಗತ್ತು ಒಪ್ಪೋಕೆ ಸಮಯ ಹಿಡಿಯಿತು. ಅಷ್ಟರಲ್ಲಿ ಜನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳತ್ತ ಹೊರಟಿದ್ದರು. ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ. ಕಾರಣ ಪೂರ್ತಿ ಸರಿಯಿರಲಿಲ್ಲ, ಆದರೆ ಮನೆಗಳಂತೂ ಚೆನ್ನಾಗಿ ಆದವು.

1948ರಲ್ಲಿ ಶುರುವಾದ ಜಯನಗರವೂ ಇದೇ ಹಾದಿ ಹಿಡಿಯಿತು. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಎತ್ತರದ ಸೂರು, ಎದುರುಬದುರು ಕಿಟಕಿ. ಬಿಸಿಗಾಳಿ ಮೇಲೇರಿ ವೆಂಟಿಲೇಟರಿನಿಂದ ಹೊರಹೋದರೆ ಕೆಳಗಿನ ಕಿಟಕಿಯಿಂದ ತಂಪುಗಾಳಿ ಒಳಗೆ ಬರೋದು. ಕರೆಂಟೂ ಬೇಡ, ರಿಮೋಟೂ ಬೇಡ.

ನಾನು ಹುಟ್ಟಿ ಬೆಳೆದ ಹಳ್ಳಿಮನೆಗೆ ಮಣ್ಣಿನ ಗೋಡೆ, ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿ ಜನಪ್ರಿಯ ಮಾಡಿದ ಹೆಂಚು ಅದು. ಸೌದೆ ಒಲೆಯ ಹೊಗೆ ಹೆಂಚಿನ ಸಂದಿಯಲ್ಲೇ ಹೊರಗೆ ಹೋಗ್ತಿತ್ತು. ಊರಿಂದ ಬಂದ ಅಪ್ಪ ನನ್ನ ಬಾಡಿಗೆ ಫ್ಲಾಟಿನಲ್ಲಿ ಒಂದು ರಾತ್ರಿ ಮಲಗಿ ಎದ್ದು, "ಏನಪ್ಪಾ, ಡಬ್ಬಿಯೊಳಗೆ ಮಲಗಿದಂಗಾಯ್ತು" ಅಂದರು.

ಈ ಡಬ್ಬಿಯ ಕಲ್ಪನೆ ಚಳಿದೇಶದ್ದು. ಅಮೆರಿಕದಲ್ಲಿರೋ ನಮ್ಮ ಸ್ನೇಹಿತರ ಮನೆಗಳ ಗೋಡೆ ಹೆಚ್ಚಾಗಿ ಮರದ್ದು. ಹದಿನಾರು ಇಂಚಿಗೊಂದರಂತೆ ಮರದ ಕಂಬ, ನಡುವೆ ಶಾಖ ತಡೆಯೋ ಹತ್ತಿಯಂಥ ತುಂಬು, ಹೊರಗೆ ಪ್ಲೈವುಡ್‌ನಂಥ ಹಲಗೆ, ಒಳಗೆ ಜಿಪ್ಸಮ್ ಬೋರ್ಡ್. 1973ರ ತೈಲ ಬಿಕ್ಕಟ್ಟಿನಿಂದ ಮನೆ ಬೆಚ್ಚಗಿಡೋ ಖರ್ಚು ಏರಿದಾಗ ಸಂದಿಗೊಂದಿಗಳನ್ನ ಮುಚ್ಚೋ ಕೆಲಸಕ್ಕೆ ಜೋರು ಬಂತು. ಈಗ ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಮನೆ ಎಷ್ಟು ಸೋರುತ್ತೆ ಅಂತ ಅಳೆಯುತ್ತಾರೆ. ಆದರೆ ಹಾಗೆ ಬಿಗಿಯಾಗಿ ಮುಚ್ಚಿದ ಮನೆಗೆ ಹೊಸ ಗಾಳಿ ತರೋಕೆ ಅಂತಲೇ ಯಂತ್ರವನ್ನೂ ಇಡುತ್ತಾರೆ.

ನಾವು ತಂದುಕೊಂಡಿದ್ದು ಅರ್ಧ ಪಾಠ. ಯುಪಿವಿಸಿ ಕಿಟಕಿ ಬಂತು, ಗಾಳಿ ಯಂತ್ರ ಬರಲಿಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ, ಒಳಗಿರೋದನ್ನೇ ತಿರುಗಿಸಿ ತಣ್ಣಗೆ ಮಾಡುತ್ತೆ. ಧೂಳು, ಸೊಳ್ಳೆ, ಹಾರನ್ ಕಾಟಕ್ಕೆ ಕಿಟಕಿ ಹಾಕ್ತೀವಿ, ಅದು ನ್ಯಾಯವೇ. ಹಾಗಂತ ಉಸಿರಾಟದ ಲೆಕ್ಕ ಸುಳ್ಳಾಗಲ್ಲ.

ಲೆಕ್ಕ ಹೀಗಿದೆ. ಕೇಂದ್ರದ ಬಿಇಇ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಪ್ರಕಾರ, ಬೆಂಗಳೂರಿನಂಥ ಸಮಶೀತೋಷ್ಣ ಊರಲ್ಲಿ ತೆರೆಯಬಹುದಾದ ಜಾಗ ಕಾರ್ಪೆಟ್ ಏರಿಯಾದ 12.5% ಇರಬೇಕು. ಅಂದರೆ 1000 ಚದರಡಿ ಫ್ಲಾಟಿಗೆ 125 ಚದರಡಿ. ನಾಲ್ಕಡಿ ಚೌಕದ ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ತೆರೆದರೆ ಅರ್ಧವೇ ಬಿಚ್ಚೋದು, ಎಂಟು ಚದರಡಿ. ಬಾಲ್ಕನಿ ಬಾಗಿಲನ್ನೂ ಸೇರಿಸಿ ನಿಮ್ಮ ಮನೆಯದ್ದು ಎಷ್ಟಾಗುತ್ತೆ, ನೀವೇ ಕೂಡಿ ನೋಡಿ.

ಇದು ಬರೀ ಸೆಖೆಯ ಮಾತಲ್ಲ. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದು, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್‌ಗೆ ಜನ ಬಲಿಯಾದ ಸುದ್ದಿ ಈ ಊರಲ್ಲಿ ಮತ್ತೆ ಮತ್ತೆ ಬರುತ್ತೆ. ಚಳಿ ಅಂತ ಬಾತ್‌ರೂಮ್ ಕಿಂಡಿಗೆ ರಟ್ಟು ತುರುಕಿದ್ದರೆ ಇವತ್ತೇ ತೆಗೆಯಿರಿ. ಗ್ಯಾಸ್ ಗೀಸರ್ ಇದ್ದರೆ ಅದನ್ನ ಬಾತ್‌ರೂಮಿನಿಂದ ಹೊರಗೆ, ಗಾಳಿಯಾಡೋ ಕಡೆ ಹಾಕಿಸಿ. ಮನೆ ನೋಡೋಕೆ ಹೋದಾಗ ಕಾರ್ ಪಾರ್ಕಿಂಗ್ ಕೇಳೋ ಮೊದಲು, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತೆ ಅಂತ ಕೇಳಿ.