ಮುಂಬಯಿಯ ಕೆಂಪಂಗಿ ಮತ್ತು ಶ್ರೀರಂಗಪಟ್ಟಣ

ಹಳೆಯ ಯುದ್ಧಗಳನ್ನು ಬಯಲಿನಲ್ಲಿ ಮರಳಿ ಆಡಿ ತೋರಿಸುವ ಸಂಘಗಳು ಇಂಗ್ಲೆಂಡಿನಲ್ಲಿ ಹಲವಾರು ಉಂಟು. 1968ರಲ್ಲಿ ಬ್ರಿಗೇಡಿಯರ್ ಪೀಟರ್ ಯಂಗ್ ಎಂಬ ಸೇನಾನಿ ಸ್ಥಾಪಿಸಿದ ‘ಸೀಲ್ಡ್ ನಾಟ್’ ಸಂಘವು ಹದಿನೇಳನೆಯ ಶತಮಾನದ ಅಂತರ್ಯುದ್ಧವನ್ನು ಆಡುತ್ತದೆ. 33ನೆಯ ಕಾಲಾಳು ರೆಜಿಮೆಂಟಿನ ಹೆಸರು ಹೊತ್ತ ಇನ್ನೊಂದು ಸಂಘವು ನೆಪೋಲಿಯನ್ ಕಾಲದ ಕೆಂಪಂಗಿಯನ್ನು ತೊಡುತ್ತದೆ. ಆ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಗೆ ಇಂಥದೊಂದು ಸಂಘವನ್ನು ಸೇರುವ ಮನಸ್ಸಾಗಿದೆ. “ಮಾವ, ಮೈಸೂರು ಸೀಮೆಯವನಾದ ನಾನು ಈ ಅಂಗಿಯನ್ನು ತೊಡಬಹುದೆ?” ಎಂಬುದು ಅವನ ಪ್ರಶ್ನೆ. ಥಟ್ಟನೆ ‘ಕೂಡದು’ ಎನ್ನುವುದು ಸುಲಭವಾಗಿತ್ತು. ಆದರೆ ಇತಿಹಾಸವನ್ನು ಓದುವ ಚಟವಿರುವವನಿಗೆ ಆ ಸೌಕರ್ಯವಿಲ್ಲ.

33ನೆಯ ರೆಜಿಮೆಂಟೆಂದೊಡನೆ ನನಗೆ ನೆನಪಾದದ್ದು ಸುಲ್ತಾನ್‌ಪೇಟೆಯ ತೋಪು. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಈ ದಳವನ್ನು ಆ ತೋಪಿನೊಳಕ್ಕೆ ನಡೆಸಿದನು. ಕತ್ತಲಲ್ಲಿ ದಾರಿ ತಪ್ಪಿತು. ಟಿಪ್ಪುವಿನ ಸೈನಿಕರ ಬಾಣ ಬಿರುಸು ತುಪಾಕಿಗಳ ಎದುರಿಗೆ ದಳ ಚೆದರಿತು. ಕರ್ನಲನ ಮೊಣಕಾಲಿಗೂ ಪೆಟ್ಟು ತಗಲಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಈತನ ಹೆಸರನ್ನೇ 1853ರಲ್ಲಿ ಆ ರೆಜಿಮೆಂಟಿಗೆ ಇಟ್ಟರು. ಇಂದಿನ ಸಂಘದವರು ಆರಿಸಿಕೊಂಡಿರುವುದು ವಾಟರ್ಲೂವಿನ ಕಾಲವನ್ನು, ಸುಲ್ತಾನ್‌ಪೇಟೆಯ ರಾತ್ರಿಯನ್ನಲ್ಲ. ಆಟಕ್ಕೆ ಯಾವ ವರ್ಷವನ್ನು ಆರಿಸುತ್ತೇವೆಂಬುದೂ ಒಂದು ಬಗೆಯ ಇತಿಹಾಸಲೇಖನವೇ ಸರಿ.

ನಮ್ಮ ಯುದ್ಧಗಳನ್ನು ಆಂಗ್ಲರು ಆಡಿ ತೋರಿಸಿದ್ದು ಹೊಸದೇನೂ ಅಲ್ಲ. ಅಶ್ವದಳದಲ್ಲಿ ಸಾರ್ಜೆಂಟನಾಗಿದ್ದ ಫಿಲಿಪ್ ಆಸ್ಟ್ಲಿಯು ಲಂಡನ್ನಿನಲ್ಲಿ ಕಟ್ಟಿದ ಕುದುರೆಯಾಟದ ರಂಗದಲ್ಲಿ 1792ರಷ್ಟು ಹಿಂದೆಯೇ ಬೆಂಗಳೂರಿನ ಮುತ್ತಿಗೆ ಪ್ರದರ್ಶಿತವಾಯಿತು. ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದದ್ದು 1791ರ ಮಾರ್ಚಿನಲ್ಲಿ. ಮರುವರ್ಷವೇ ಅದು ವಿನೋದವಾಯಿತು! 1800ರಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ಯುವಕನು ಶ್ರೀರಂಗಪಟ್ಟಣದ ಲಗ್ಗೆಯನ್ನು ನೂರು ಅಡಿಗೂ ಮಿಕ್ಕಿದ ಉದ್ದದ ಚಿತ್ರಪಟವಾಗಿ ಬರೆದು ಲೈಸಿಯಂ ಮಂದಿರದಲ್ಲಿ ಜನಕ್ಕೆ ತೋರಿಸಿದನು. ಆತ ಕಾವೇರಿಯನ್ನು ಕಂಡವನಲ್ಲ.

ಆದರೆ ಕೆಂಪಂಗಿಯೆಂದರೆ ಬಿಳಿಯನೆಂಬ ಭಾವನೆ ಮುಂಬಯಿಯಲ್ಲಿ ವಾಸಿಸುವ ನಮಗೆ ಸಲ್ಲದು. 1799ರಲ್ಲಿ ಜನರಲ್ ಜೇಮ್ಸ್ ಸ್ಟುವರ್ಟನ ಮುಂಬಯಿ ಪಡೆಯು ಮಲಬಾರದ ಕಣ್ಣಾನೂರಿನಿಂದ ಘಟ್ಟವನ್ನೇರಿ ಕೊಡಗನ್ನು ಹೊಕ್ಕಿತು. ದೊಡ್ಡ ವೀರರಾಜೇಂದ್ರನು ಅದಕ್ಕೆ ನೆರವಾದನು. ಮಾರ್ಚ್ 6ರಂದು ಗಡಿಯ ಸಿದ್ದೇಶ್ವರದಲ್ಲಿ, ಆಂಗ್ಲರ ಬಾಯಲ್ಲಿ ‘ಸೀಡಸೀರ್’ ಆದ ಕಾಡುದಾರಿಯಲ್ಲಿ, ಮಾಂಟ್ರೆಸರನ ಕೈಕೆಳಗಿನ ಮೂರು ಸಿಪಾಯಿ ಬೆಟಾಲಿಯನ್ನುಗಳನ್ನು ಟಿಪ್ಪು ಮುಂದಿನಿಂದಲೂ ಹಿಂದಿನಿಂದಲೂ ಸುತ್ತುಗಟ್ಟಿದನು. ಸ್ಟುವರ್ಟನ ನೆರವು ಬರುವವರೆಗೂ, ಬೆಳಗಿನಿಂದ ಮಧ್ಯಾಹ್ನ ಕಳೆಯುವ ತನಕ, ಅವರು ಕದಲಲಿಲ್ಲ. ಆ ಮೂವರ ಮೈಮೇಲಿದ್ದದ್ದು ಕುಂಪಣಿಯ ಕೆಂಪಂಗಿ. ಕೆಳಗೆ ಮಾತ್ರ ಷರಾಯಿಯ ಬದಲು ತೊಡೆಯ ತನಕ ಬರುವ ಚಡ್ಡಿ. ಎದುರಿಗೆ ಬಂದವರು ಹುಲಿಪಟ್ಟೆಯ ಅಂಗಿಯ ಮೈಸೂರಿನ ಸಿಪಾಯಿಗಳು. ಇವನನ್ನು ನಮ್ಮವನೆಂದು ಕರೆದರೆ ಅವನು ಪರನಾಗಿಬಿಡುವನೆ?

ಆ ಸಿಪಾಯಿಗಳ ಪರಂಪರೆ ಇನ್ನೂ ಮುಗಿದಿಲ್ಲ. ‘ಸೀಡಸೀರ್’ ಎಂಬ ರಣಗೌರವವನ್ನು ಪಡೆದ ದಳಗಳಲ್ಲಿ ಎರಡು ಇಂದಿನ ಮರಾಠಾ ಲಘು ಪದಾತಿ ದಳಕ್ಕೆ ಸೇರಿವೆ. ಅದರ ಕೇಂದ್ರವಿರುವುದು ನಮ್ಮ ಬೆಳಗಾವಿಯಲ್ಲಿ. ಟಿಪ್ಪುವನ್ನು ತಡೆದ ಕೀರ್ತಿಯನ್ನು ಹೊತ್ತ ಪಡೆಗೆ ಕನ್ನಡ ನೆಲವೇ ಮನೆಯಾದದ್ದನ್ನು ನಮ್ಮ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಎಣಿಕೆ.

ಇದೇ ಮುಂಬಯಿ ಪಡೆಯ ಬೆನೆ ಇಸ್ರೇಲ್ ಪಂಗಡದ ಸ್ಯಾಮ್ಯುಯೆಲ್ ದಿವೇಕರನು ಹಿಂದಿನೊಂದು ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ, ಬಿಡುಗಡೆ ಹೊಂದಿ ಬಂದು, 1796ರಲ್ಲಿ ಮಾಂಡ್ವಿಯಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದನು. ಸೆರೆಯವರ ಪ್ರಾಣವನ್ನು ಉಳಿಸಿದವಳು ಟಿಪ್ಪುವಿನ ತಾಯಿಯೆಂದು ಆ ಪಂಗಡದವರಲ್ಲಿ ಐತಿಹ್ಯವಿದೆ. ನಾವು ದಿನವೂ ಲೋಕಲ್ ಗಾಡಿಯಲ್ಲಿ ದಾಟುವ ಮಸ್ಜಿದ್ ನಿಲ್ದಾಣಕ್ಕೆ ಆ ಹೆಸರು ಬಂದದ್ದು ಈ ಮಂದಿರದಿಂದಲೇ ಎಂದು ಹೇಳುವುದುಂಟು.

ಬ್ಯಾಂಕಿನಲ್ಲಿ ದುಡಿಯುವವನಾದ್ದರಿಂದ ನನ್ನ ಕಣ್ಣು ಲೆಕ್ಕದ ಕಡೆಗೆ ಹರಿಯುವುದು ಸಹಜ. ಮೇ 4ರ ಲಗ್ಗೆಗೆಂದು ಆರಿಸಿದವರು ಸುಮಾರು 4,400 ಮಂದಿ. ಅವರಲ್ಲಿ ಭಾರತೀಯರೇ 1,900ರ ಹತ್ತಿರ. ಸುಲಿಗೆಯ ಹಣ ಹಂಚಿಕೆಯಾದಾಗ ದಂಡಿನ ನಾಯಕ ಜನರಲ್ ಹ್ಯಾರಿಸನ ಪಾಲಿಗೆ ಬಂದದ್ದು 1,40,000 ಪೌಂಡಿಗೂ ಹೆಚ್ಚು. ಬಿಳಿಯ ಸಾಮಾನ್ಯ ಸೈನಿಕನಿಗೆ ಸುಮಾರು 7 ಪೌಂಡು, ಸಿಪಾಯಿಗೆ ಸುಮಾರು 5. ಅನಂತರ ಬರ್ಮಿಂಗ್‌ಹ್ಯಾಮಿನ ಟಂಕಶಾಲೆಯಲ್ಲಿ ಒಂದು ಪದಕವನ್ನು ಒತ್ತಿಸಿದರು: ಬ್ರಿಟಿಷ್ ಸಿಂಹವು ಮೈಸೂರಿನ ಹುಲಿಯನ್ನು ಕೆಡಹಿದ ಚಿತ್ರ. ಹಿರಿಯರಿಗೆ ಚಿನ್ನ, ಉಳಿದ ಅಧಿಕಾರಿಗಳಿಗೆ ಬೆಳ್ಳಿ, ಕೆಳಗಿನವರಿಗೆ ತವರ. ತವರದಲ್ಲಿ ಬಣ್ಣಭೇದವಿರಲಿಲ್ಲ, ಪೌಂಡುಗಳಲ್ಲಿ ಇತ್ತು.

ವಿಜಯಿಗಳ ಗತಿಯನ್ನು ನೋಡಬೇಕಾದರೆ ಬೈಕಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹಿತ್ತಲಿಗೆ ಹೋಗಬೇಕು. ಒಮ್ಮೆ ಕೋಟೆ ಪ್ರದೇಶದ ನಡುವೆ ನಿಂತಿದ್ದ ಕಾರ್ನ್‌ವಾಲಿಸನ ವಿಗ್ರಹವೂ 1799ರ ಗವರ್ನರ್ ಜನರಲ್ ವೆಲ್ಲೆಸ್ಲಿಯ ವಿಗ್ರಹವೂ 1960ರ ದಶಕದಿಂದ ಅಲ್ಲಿ ಭಗ್ನವಾಗಿ ನಿಂತಿವೆ. ರಾಣಿಬಾಗಿಗೆ ಪ್ರಾಣಿಗಳನ್ನು ನೋಡಲು ಬಂದ ಮಕ್ಕಳು ಅತ್ತ ಸುಳಿಯುವುದು ಅಪರೂಪ.

ಸೋದರಳಿಯನಿಗೆ ನಾನು ಬರೆದದ್ದು ಇಷ್ಟು: ಸಂಘವನ್ನು ಸೇರು, ಆದರೆ 33ರ ಅಂಗಿಯ ಬದಲು ಸಿದ್ದೇಶ್ವರದ ಸಿಪಾಯಿಯ ಅಂಗಿಯನ್ನು, ಆ ಚಡ್ಡಿಯನ್ನೂ ಸೇರಿಸಿ, ತೊಡಲು ಅವರು ಒಪ್ಪುವರೇ ಎಂದು ಕೇಳು. ಸಂಘದವರು ಆಗಬಹುದೆಂದರಂತೆ; ಆದರೆ ಹೊಲಿಸಲು ಮಾದರಿ ಬೇಕಂತೆ. ಕಾಲರಿನ ಅಳತೆ, ಗುಂಡಿಗಳ ಸಂಖ್ಯೆ, ಮುಂಗೈಯ ಪಟ್ಟಿಯ ಬಣ್ಣ ಎಲ್ಲವನ್ನೂ ಕೇಳಿದ್ದಾನೆ. ಅವನ್ನು ಹುಡುಕುವ ಕೆಲಸ ಈಗ ನನ್ನ ಪಾಲಿಗೆ ಬಿದ್ದಿದೆ.